ಮಜಲು, ಮಂಟಪ, ಹೊರೆಗಲ್ಲು

ಮೇಲುಕೋಟೆಯ ಬೆಟ್ಟದ ಆಸುಪಾಸಿನಲ್ಲಿ ಓಡಾಡುವವರ ಕಣ್ಣಿಗೆ ಒಂಟಿ ಕಲ್ಲುಮಂಟಪಗಳು ಬೀಳುವುದುಂಟು. ನಾಲ್ಕು ಕಂಬ, ಮೇಲೆ ಚಪ್ಪಡಿ, ಕೆಳಗೆ ಸೊಂಟದೆತ್ತರದ ಜಗಲಿ. ಒಳಗೆ ದೇವರಿಲ್ಲ. ಬಾಗಿಲಿಲ್ಲ. ಗೋಡೆ ಇದ್ದರೆ ಹಿಂಬದಿಗೆ ಒಂದು, ಇಲ್ಲದಿದ್ದರೆ ಅದೂ ಇಲ್ಲ. ಹೊಸದಾಗಿ ಬಂದವರು ಇದನ್ನು ಪೂಜೆ ನಿಂತುಹೋದ ಗುಡಿ ಎಂದೋ, ಕಟ್ಟುತ್ತಾ ಅರ್ಧಕ್ಕೆ ಬಿಟ್ಟ ಕಟ್ಟಡವೆಂದೋ ಭಾವಿಸುತ್ತಾರೆ. ಸಿನಿಮಾ ಹಾಡುಗಳಲ್ಲಿ ಕಂಡವರಿಗೆ ಅದು ನಾಯಕ ನಾಯಕಿ ಕುಣಿಯಲು ಹೇಳಿಮಾಡಿಸಿದ ಜಾಗ. ಆದರೆ ಇಂತಹ ಮಂಟಪಗಳಲ್ಲಿ ಬಹುಪಾಲು ಅರ್ಧ ಕಟ್ಟಿದವೂ ಅಲ್ಲ, ದೇವರನ್ನು ಕಳೆದುಕೊಂಡವೂ ಅಲ್ಲ. ನಡೆದು ದಣಿದವನು ಹೊರೆ ಇಳಿಸಿ, ಒಲೆ ಹೂಡಿ, ರಾತ್ರಿ ಕಳೆದು, ಬೆಳ್ಳಿ ಮೂಡುವ ಹೊತ್ತಿಗೆ ಎದ್ದು ಹೋಗಲೆಂದು ಕಟ್ಟಿದ ಮನೆಗಳು ಅವು.

ಕಾಲ್ನಡಿಗೆಯೇ ಪ್ರಯಾಣವಾಗಿದ್ದ ಕಾಲದ ನೆನಪು ಕಲ್ಲಿನಲ್ಲಿರುವಷ್ಟೇ ಮಾತಿನಲ್ಲೂ ಉಳಿದಿದೆ. ಜೀವನದ ‘ಹೊಸ ಮಜಲು’ ಎಂದು ಇಂದು ಸಭೆಗಳಲ್ಲಿ ಭಾಷಣ ಮಾಡುವವರು ಬಳಸುವ ಪದ ಮೂಲತಃ ಒಂದು ದಿನದ ನಡಿಗೆಯ ಅಳತೆ. ‘ಮಂಜಿಲ್’ ಎಂಬುದು ಕನ್ನಡಕ್ಕೆ ಬಂದು ಮಜಲಾಯಿತು. ಅದಕ್ಕಿಂತ ಸಣ್ಣ ಅಳತೆ ಹರದಾರಿ, ಸುಮಾರು ಮೂರು ಮೈಲಿ. ಗಾವುದದ ಲೆಕ್ಕವಂತೂ ಸೀಮೆಗೊಂದು ಬಗೆ. ತಂಗುವ ಜಾಗಕ್ಕೆ ಬೀಡು, ಬಿಡಾರ, ಬಿಡದಿ, ಪಾಳ್ಯ ಎಂದು ಬಗೆಬಗೆಯ ಹೆಸರುಗಳು. ಇವುಗಳಲ್ಲಿ ಕೆಲವು ಊರುಗಳ ಹೆಸರಾಗಿಯೇ ನಿಂತುಬಿಟ್ಟಿವೆ. ಹೊಯ್ಸಳ ಶಾಸನಗಳು ರಾಜಧಾನಿಯನ್ನೇ ‘ನೆಲೆವೀಡು’ ಎನ್ನುತ್ತವೆ; ಅರಸನಿಗೂ ಅದು ಬೀಡೇ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳನ್ನು ಇಂದು ನಕ್ಷೆಯಲ್ಲಿ ನೋಡಿದರೆ ಕಾಲುವೆ, ಕಬ್ಬು, ಬಸ್ ರಸ್ತೆಗಳ ಜಾಲ ಕಾಣುತ್ತದೆ. ನಡೆಯುವವನ ಕಣ್ಣಿನಿಂದ ನೋಡಿದರೆ ಇದೇ ನೆಲ ಬೇರೆಯೇ ಆಗುತ್ತದೆ. ದಕ್ಷಿಣಕ್ಕೆ ಕಾವೇರಿ. ಅಲ್ಲಿಂದ ಉತ್ತರಕ್ಕೆ ಹೊರಟರೆ ಬಂಡೆಗುಡ್ಡಗಳ ಸಾಲು: ಶ್ರೀರಂಗಪಟ್ಟಣದ ಪಕ್ಕದಲ್ಲಿ ಕರಿಘಟ್ಟ, ಪಾಂಡವಪುರದಲ್ಲಿ ಕುಂತಿಬೆಟ್ಟ, ಮುಂದೆ ಯದುಗಿರಿ ಎಂಬ ಮೇಲುಕೋಟೆ, ಅದರಾಚೆ ನಾರಾಯಣದುರ್ಗ. ಹೊಳೆಯ ಮಟ್ಟದಿಂದ ಮೇಲುಕೋಟೆಗೆ ಸಾವಿರ ಅಡಿಗೂ ಮೀರಿದ ಏರು. ಶ್ರೀರಂಗಪಟ್ಟಣದಿಂದ ತೊಣ್ಣೂರಿಗೆ ಹತ್ತು ಮೈಲಿ, ಅಲ್ಲಿಂದ ಮೇಲುಕೋಟೆಗೆ ಹೆಚ್ಚುಕಡಿಮೆ ಅಷ್ಟೇ ಮತ್ತೊಂದು ಹಂತ. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸಿಯಾರು. ಮಕ್ಕಳು, ಮುದುಕರು, ತಲೆಯ ಮೇಲೆ ಗಂಟು ಇರುವ ಸಂಸಾರವಂದಿಗನಿಗೆ ಅದು ಎರಡು ಮಜಲು. ನಡುವೆ ನಿಲ್ಲಬೇಕಾದ ಜಾಗದಲ್ಲೇ ವರ್ಷವಿಡೀ ನೀರು ತುಂಬಿದ ತೊಣ್ಣೂರು ಕೆರೆ ಇದೆ. ತಿಳಿನೀರು ಕಂಡು ದಖ್ಖನ್ ಸುಬೇದಾರನ ಮಗ ನಾಸಿರ್ ಜಂಗ್ 18ನೇ ಶತಮಾನದಲ್ಲಿ ಇದಕ್ಕೆ ಮೋತಿ ತಲಾಬ್, ಅಂದರೆ ಮುತ್ತಿನ ಕೊಳ, ಎಂದು ಹೆಸರಿಟ್ಟನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ.

ಈ ಹಾದಿಯಲ್ಲಿ ನಡೆದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ರಾಮಾನುಜಾಚಾರ್ಯರದು. ಸಂಪ್ರದಾಯದ ಪ್ರಕಾರ ಚೋಳನಾಡು ಬಿಟ್ಟು ಹೊರಟ ಆಚಾರ್ಯರು ಸಾಲಿಗ್ರಾಮದಲ್ಲಿ ತಂಗಿದರು, ಅಲ್ಲಿಂದ ತೊಂಡನೂರಿಗೆ, ಎಂದರೆ ಇಂದಿನ ತೊಣ್ಣೂರಿಗೆ, ಅಲ್ಲಿಂದ ಮೇಲುಕೋಟೆಗೆ ಬಂದರು. ಕಥೆಗಳ ಪವಾಡವನ್ನು ಬದಿಗಿಟ್ಟು ಓದಿದರೂ ಅದು ನಡೆಯುವವನೊಬ್ಬನ ದಾರಿಯೇ: ನೀರಿದ್ದ ಕಡೆ ನಿಲುಗಡೆ, ಆಶ್ರಯ ಕೊಟ್ಟ ಕಡೆ ಮಠ. ತೊಣ್ಣೂರಿನಲ್ಲಿ ನಂಬಿನಾರಾಯಣನ ಗುಡಿಯೂ ಇದೆ, ದರ್ಗಾವೂ ಇದೆ. ದಾರಿಯ ಊರಿಗೆ ಬರುವವರು ಒಂದೇ ದಿಕ್ಕಿನಿಂದ ಬರುವುದಿಲ್ಲ.

ಪಶ್ಚಿಮಕ್ಕೆ ಇನ್ನೊಂದು ಎಳೆ. ಹಿಂದೆ ಅತ್ತಿಕುಪ್ಪೆ ಎಂದು ಕರೆಸಿಕೊಳ್ಳುತ್ತಿದ್ದ ಕೃಷ್ಣರಾಜಪೇಟೆ, ಅದರ ಮಗ್ಗುಲಲ್ಲೇ ಹೊಯ್ಸಳ ಗುಡಿಯ ಹೊಸಹೊಳಲು, ಮುಂದೆ ಕಿಕ್ಕೇರಿ, ಅದನ್ನು ದಾಟಿದರೆ ಶ್ರವಣಬೆಳಗೊಳ. ನಾಗಮಂಗಲದ ಕಡೆಯಿಂದ ಬರುವ ಜೈನ ಯಾತ್ರಿಕನಿಗೆ ಕಂಬದಹಳ್ಳಿಯ ಬಸದಿ ಒಂದು ಮಜಲು. ಈ ತಾಲ್ಲೂಕುಗಳ ಗುಡಿಗಳನ್ನು ನಾವು ಶಿಲ್ಪಕಲೆಯ ಪಟ್ಟಿಯಾಗಿ ಓದುವುದು ರೂಢಿ. ಅವುಗಳ ನಡುವಣ ದೂರವನ್ನು ಓದುವವರು ಕಡಿಮೆ.

ಹೊಳೆ ದಾಟುವುದೇ ಈ ಪ್ರಯಾಣದ ಮೊದಲ ಕಂಟಕವಾಗಿತ್ತು. ಮಳೆಗಾಲದಲ್ಲಿ ಹರಿಗೋಲಿನವನು ಬರುವ ತನಕ ದಡದಲ್ಲೇ ಕಾಯಬೇಕು. ಒಂದು ದಿನವೂ ಆಗಬಹುದು, ಮೂರು ದಿನವೂ ಆಗಬಹುದು. ಹೊಳೆದಂಡೆಯಲ್ಲಿ ಛತ್ರಗಳು ಹುಟ್ಟಿದ್ದಕ್ಕೆ ಪುಣ್ಯಸ್ನಾನದ ಜೊತೆಗೆ ಈ ಕಾಯುವಿಕೆಯೂ ಕಾರಣ. ಟಿಪ್ಪು ಮಡಿದ ಐದು ವರ್ಷಗಳ ಮೇಲೆ, 1804ರಲ್ಲಿ, ದಿವಾನ್ ಪೂರ್ಣಯ್ಯನವರು ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿ ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಕಮಾನುಗಳಿಲ್ಲ, ಗುಡಿಯ ಮಂಟಪದಂತೆಯೇ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ನೀರಿನ ಮೇಲೆ ನಡೆದುಕೊಂಡು ಹೋದ ಉದ್ದನೆಯ ಮಂಟಪ ಅದು ಎಂದರೂ ತಪ್ಪಿಲ್ಲ.

ಹಾದಿಯ ಈ ಕಟ್ಟಡಗಳಲ್ಲಿ ಅತ್ಯಂತ ಸರಳವಾದದ್ದು ಹೊರೆಗಲ್ಲು. ನೆಟ್ಟಗೆ ನಿಲ್ಲಿಸಿದ ಎರಡು ಕಲ್ಲು, ಅವುಗಳ ಮೇಲೆ ಅಡ್ಡಲಾಗಿ ಒಂದು; ನೋಡಲು ಬಾಗಿಲಿಲ್ಲದ ಬಾಗಿಲುವಾಡದಂತೆ. ಇದರ ಅರ್ಥ ತಿಳಿಯಬೇಕಾದರೆ ತಲೆಯ ಮೇಲೆ ಒಂದು ಮಣ ಹೊತ್ತು ನೋಡಬೇಕು. ಅಷ್ಟು ಭಾರವನ್ನು ನೆಲಕ್ಕೆ ಇಳಿಸಲು ಒಬ್ಬರ ಕೈ ಬೇಕು, ಮತ್ತೆ ತಲೆಗೇರಿಸಲು ಇಬ್ಬರಾದರೂ ಬೇಕು. ಒಬ್ಬಂಟಿಯಾಗಿ ನಡೆಯುವವಳು ಹೊರೆಯನ್ನು ಕೆಳಗಿಟ್ಟರೆ ಮತ್ತೆ ಎತ್ತಿಕೊಳ್ಳಲು ದಾರಿಹೋಕರಿಗಾಗಿ ಕಾಯುತ್ತಾ ಕೂರಬೇಕು. ಆದ್ದರಿಂದ ಅಡ್ಡಗಲ್ಲನ್ನು ತಲೆಯ ಮಟ್ಟಕ್ಕಿಂತ ತುಸು ತಗ್ಗಿಗೆ ಇಟ್ಟರು. ಮೊಣಕಾಲು ಸ್ವಲ್ಪ ಬಾಗಿಸಿದರೆ ಹೊರೆ ತಾನೇ ಕಲ್ಲಿನ ಮೇಲೆ ಜಾರುತ್ತದೆ. ದಣಿವಾರಿದ ಮೇಲೆ ಕೆಳಗೆ ತಲೆ ಕೊಟ್ಟು ನಿಂತರೆ ಮತ್ತೆ ತಲೆಗೇರುತ್ತದೆ. ಯಾರ ಹಂಗೂ ಇಲ್ಲ. ತಮಿಳುನಾಡಿನಲ್ಲಿ ಇದೇ ಬಗೆಯ ಕಲ್ಲನ್ನು ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣಿನ ನೆನಪಿಗೆ ನಿಲ್ಲಿಸುವ ವಾಡಿಕೆಯಿತ್ತು. ಇಳಿಸಲಾಗದೆ ಹೋದ ಹೊರೆಯೊಂದಕ್ಕೆ ಬದಲಾಗಿ ಊರವರ ಹೊರೆ ಇಳಿಸುವ ಕಲ್ಲು.

ಮಂಟಪದ ಹಿಂದೆಯೂ ಇಂತಹದೇ ಲೆಕ್ಕಾಚಾರ. ಮರದ ಮಾಡು ಹಾಕಿದರೆ ಗೆದ್ದಲು ತಿನ್ನುತ್ತದೆ, ಚಳಿಗೆ ಯಾರೋ ಕಿತ್ತು ಉರಿಸುತ್ತಾರೆ. ಚಪ್ಪಡಿಗೆ ಎರಡೂ ಭಯವಿಲ್ಲ. ಬಾಗಿಲು ಇಟ್ಟರೆ ಬೀಗ ಬೇಕು, ಬೀಗವಿದ್ದರೆ ಕಾವಲುಗಾರ ಬೇಕು, ಕಾವಲುಗಾರನಿಗೆ ಸಂಬಳ ಬೇಕು. ಬಾಗಿಲೇ ಇಲ್ಲದಿದ್ದರೆ ಮಂಟಪ ಮುನ್ನೂರು ವರ್ಷ ಯಾರ ನೆರವೂ ಇಲ್ಲದೆ ನಿಲ್ಲುತ್ತದೆ. ಜಗಲಿಯನ್ನು ಸೊಂಟದೆತ್ತರಕ್ಕೆ ಏರಿಸಿದ್ದು ಹಾವು, ಚೇಳು, ಹರಿಯುವ ಮಳೆನೀರಿನಿಂದ ತಪ್ಪಿಸಿಕೊಳ್ಳಲು. ಒಂದು ಕೊರತೆ ಉಂಟು: ಬೇಸಗೆಯಲ್ಲಿ ಹಗಲೆಲ್ಲ ಕಾದ ಚಪ್ಪಡಿ ಅರ್ಧರಾತ್ರಿಯವರೆಗೂ ಕಾವು ಉಗುಳುತ್ತದೆ. ಅಂತಹ ದಿನಗಳಲ್ಲಿ ಮಂಟಪದೊಳಗೆ ಅಡುಗೆ, ಬಯಲಿನಲ್ಲಿ ನಿದ್ದೆ.

ಇವೆರಡರ ಜೊತೆಗೆ ಅರವಟ್ಟಿಗೆ. ಹಳಗನ್ನಡ ಶಾಸನಗಳಲ್ಲೇ ಬರುವ ಈ ಪದಕ್ಕೆ ದಾರಿಹೋಕರಿಗೆ ಧರ್ಮಕ್ಕೆ ನೀರು ಕೊಡುವ ಜಾಗ ಎಂದು ಅರ್ಥ. ಬೇಸಗೆಯಲ್ಲಿ ನೀರುಮಜ್ಜಿಗೆ, ಪಾನಕವೂ ಸಿಗುತ್ತಿತ್ತು. ಅದಕ್ಕಿಂತ ದೊಡ್ಡದು ಛತ್ರ. ಅಲ್ಲಿ ಊಟವೂ ಉಂಟು. ದಾರಿಯ ಬದಿಗೆ ಸಾಲುಮರ, ಬಾವಿ, ತಂಗುಮನೆ ಮಾಡಿಸಿದೆನೆಂದು ಅಶೋಕ ತನ್ನ ಸ್ತಂಭಶಾಸನದಲ್ಲಿ ಬರೆಸಿ ಎರಡು ಸಾವಿರ ವರ್ಷಗಳ ಮೇಲಾಯಿತು. ಊರ ಗೌಡ, ಸೆಟ್ಟಿ, ಮಕ್ಕಳಿಲ್ಲದ ವಿಧವೆ, ಅರಮನೆಯ ರಾಣಿ, ಹೀಗೆ ಯಾರು ಯಾರೋ ತಮ್ಮ ಕೈಲಾದಷ್ಟು ಕಟ್ಟಿಸುತ್ತ ಬಂದದ್ದರಿಂದ ಈ ಸಾಲು ಒಂದು ಸರಪಳಿಯಾಯಿತು. ಯೋಜನೆಯೆಂದು ಯಾರೂ ಕೂತು ನಕ್ಷೆ ಬರೆದದ್ದಲ್ಲ.

ಹಾದಿಗನ ಬೆನ್ನ ಮೇಲೆ ಏನಿರುತ್ತಿತ್ತು? ಮೊದಲು ಕಂಬಳಿ. ಮಳೆಗೆ ತಲೆಯ ಮೇಲೆ ಕೊಪ್ಪೆ, ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಬೇಕಾದರೆ ಮೂಟೆ ಕಟ್ಟುವ ಚೀಲ. ಇಂದಿನ ಚಾರಣಿಗರು ನಾಲ್ಕು ಸಾಮಾನು ಕೊಂಡು ಮಾಡುವ ಕೆಲಸ ಅದೊಂದೇ ಮಾಡುತ್ತಿತ್ತು. ಒದ್ದೆಯಾದರೆ ಮಾತ್ರ ಕಲ್ಲಿನಷ್ಟು ಭಾರ. ಬುತ್ತಿಗಂಟಿನಲ್ಲಿ ರಾಗಿರೊಟ್ಟಿ, ಅವಲಕ್ಕಿ, ಬೆಲ್ಲ, ಹುರಿಹಿಟ್ಟು. ಹುರಿಹಿಟ್ಟಿಗೆ ಒಲೆಯೇ ಬೇಡ, ನೀರು ಬೆಲ್ಲ ಹಾಕಿ ಕಲಸಿದರೆ ಊಟವಾಯಿತು. ಮೇಲುಕೋಟೆಯ ಪುಳಿಯೋಗರೆಯ ಖ್ಯಾತಿಯನ್ನೂ ಈ ಬೆಳಕಿನಲ್ಲಿ ನೋಡಬಹುದು. ಹುಣಸೆಹುಳಿ, ಎಣ್ಣೆ, ಉಪ್ಪು ಹಿಡಿದ ಅನ್ನ ಬರಿಯ ಅನ್ನದಂತೆ ಸಂಜೆಗೆ ಹಳಸುವುದಿಲ್ಲ, ಮರುದಿನದ ದಾರಿಗೂ ಆದೀತು. ದೇವರ ಪ್ರಸಾದವೂ ಹೌದು, ಎರಡು ಮಜಲಿನ ಬುತ್ತಿಯೂ ಹೌದು.

ಅಮೆರಿಕದ ಪೂರ್ವಭಾಗದ ಬೆಟ್ಟಸಾಲಿನಲ್ಲಿ ಅಪಲೇಚಿಯನ್ ಟ್ರೇಲ್ ಎಂಬ ಕಾಲುಹಾದಿ ಇದೆ. ಬೆಂಟನ್ ಮೆಕೈ ಎಂಬಾತ 1921ರಲ್ಲಿ ಸೂಚಿಸಿದ ಈ ಹಾದಿ 1937ರಲ್ಲಿ ಪೂರ್ತಿಯಾಯಿತು. ಉದ್ದ ಸುಮಾರು 3,500 ಕಿಲೋಮೀಟರ್. ವರ್ಷ ವರ್ಷವೂ ಸಾವಿರಾರು ಮಂದಿ ಬೆನ್ನಿಗೆ ಚೀಲ ಕಟ್ಟಿಕೊಂಡು ಇದನ್ನು ತುದಿಯಿಂದ ತುದಿಗೆ ನಡೆಯಲು ಹೊರಡುತ್ತಾರೆ, ಮುಗಿಸುವವರು ಅವರಲ್ಲಿ ಕೆಲವರೇ. ದಾರಿಯುದ್ದಕ್ಕೂ 250ಕ್ಕೂ ಹೆಚ್ಚು ತಂಗುಮನೆಗಳಿವೆ. ಬಹುಪಾಲು ಮರದವು: ಮೂರು ಕಡೆ ಗೋಡೆ, ಮುಂಭಾಗ ತೆರೆದದ್ದು, ನೆಲದಿಂದ ಎತ್ತರಿಸಿದ ಹಲಗೆಯ ಜಗಲಿ, ಬೀಗವಿಲ್ಲ, ಬಾಡಿಗೆಯಿಲ್ಲ, ಮೊದಲು ಬಂದವರಿಗೆ ಜಾಗ. ಒಂದರಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಎಂಟು ಹತ್ತು ಮೈಲಿ, ಶ್ರೀರಂಗಪಟ್ಟಣದಿಂದ ತೊಣ್ಣೂರಿಗೆ ಇರುವಷ್ಟೇ ದೂರ. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದಲ್ಲ. ಹೊರೆ ಹೊತ್ತ ಮನುಷ್ಯನ ಕಾಲಿನ ಅಳತೆ ಎರಡು ಕಡೆಯೂ ಒಂದೇ. ವ್ಯತ್ಯಾಸವೆಂದರೆ ಅಲ್ಲಿ ನಡೆಯುವುದು ರಜೆಯ ಹವ್ಯಾಸ, ಇಲ್ಲಿ ಬೇರೆ ದಾರಿಯಿಲ್ಲದವರ ಬದುಕು.

ಅದೇ ಅಳತೆ ಸೈನ್ಯಗಳ ಹಣೆಬರಹವನ್ನೂ ಬರೆದಿದೆ. 1771ರ ಮಾರ್ಚಿಯಲ್ಲಿ ಮರಾಠರಿಗೆ ಎದುರಾಗಿ ಮೇಲುಕೋಟೆಯ ಬಳಿ ಬೀಡುಬಿಟ್ಟಿದ್ದ ಹೈದರಾಲಿ ರಾತ್ರೋರಾತ್ರಿ ಶ್ರೀರಂಗಪಟ್ಟಣ ಸೇರಿಕೊಳ್ಳಲು ಹೊರಟ. ಇಪ್ಪತ್ತು ಚಿಲ್ಲರೆ ಮೈಲಿಯನ್ನು ತೋಪುಗಳನ್ನೆಳೆದುಕೊಂಡು ಒಂದು ರಾತ್ರಿಯಲ್ಲಿ ದಾಟುವುದು ಆಗದ ಮಾತಾಯಿತು. ಬೆಳಗಾದಾಗ ಚಿನಕುರಳಿಯ ಬಳಿ ಮರಾಠ ಕುದುರೆಪಡೆ ಸುತ್ತುವರಿಯಿತು, ಸೈನ್ಯ ಚದುರಿಹೋಯಿತು. ಎರಡು ಮಜಲಿನ ದಾರಿಯನ್ನು ಒಂದು ಮಾಡಲು ಹೋದದ್ದಕ್ಕೆ ತೆತ್ತ ಬೆಲೆ ಅದು. ಹಿರೋಡೆ ಎಂಬ ಊರು ಫ್ರೆಂಚ್ ರಾಕ್ಸ್ ಆದದ್ದೂ ಬೀಡಿನ ಕಾರಣದಿಂದಲೇ. ಹೈದರ್, ಟಿಪ್ಪು ಕೆಲಸದಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗಳ ಮಗ್ಗುಲಲ್ಲಿ ತಂಗುತ್ತಿದ್ದರು. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ದಂಡು ಇಳಿದದ್ದೂ ಆ ಬಂಡೆಗಳ ಹತ್ತಿರವೇ. ಆ ಊರೇ ಇಂದಿನ ಪಾಂಡವಪುರ.

ಯುದ್ಧ ಮುಗಿದ ಮರುವರ್ಷವೇ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿಯ ಅಪ್ಪಣೆಯ ಮೇರೆಗೆ ಈ ಸೀಮೆಯನ್ನು ಮಜಲು ಮಜಲಾಗಿ ಸುತ್ತಿದ. ತೊಣ್ಣೂರು ಕೆರೆಯನ್ನೂ ಮೇಲುಕೋಟೆಯನ್ನೂ ಕಂಡು ಬರೆದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಪುಸ್ತಕ ದಿನಚರಿಯ ರೂಪದಲ್ಲಿದೆ: ಇಂದು ಇಷ್ಟು ದೂರ, ಇಂತಹ ಊರು, ಇಂತಹ ಬೆಳೆ. ಆತನ ಜೊತೆ ಡೇರೆ ಇತ್ತು, ಹೊರುವವರಿದ್ದರು. ಮಂಟಪದ ಚಪ್ಪಡಿಯ ಕೆಳಗೆ ಮಲಗಿದವರ ದಿನಚರಿಯನ್ನು ಮಾತ್ರ ಯಾರೂ ಅಚ್ಚು ಹಾಕಿಸಲಿಲ್ಲ.

ಮಲಗಿದವರ ಮಾತು ಬಂದಾಗ ಮಲಗಲು ಬಿಡದಿದ್ದವರ ಮಾತನ್ನೂ ಆಡಲೇಬೇಕು. ಬಾಗಿಲಿಲ್ಲದ ಮಂಟಪ ಎಲ್ಲರಿಗೂ ತೆರೆದಿತ್ತು ಎಂದುಕೊಂಡರೆ ತಪ್ಪಾದೀತು. ಹಲವು ಛತ್ರಗಳಲ್ಲಿ ಬೇಯಿಸಿದ ಊಟ ಬ್ರಾಹ್ಮಣರಿಗೆ. ಉಳಿದವರಿಗೆ ಸದಾವರ್ತಿಯೆಂದು ಅಕ್ಕಿ, ಬೇಳೆ, ಉಪ್ಪು ಅಳೆದು ಕೊಡುವುದು. ಅಸ್ಪೃಶ್ಯರೆನಿಸಿಕೊಂಡವರಿಗೆ ಅರವಟ್ಟಿಗೆಯ ನೀರೂ ದೂರದಿಂದಲೇ. ಮೇಲುಕೋಟೆಯ ಚೆಲುವರಾಯನ ಗುಡಿಯಲ್ಲಿ ‘ತಿರುಕುಲ’ದವರೆಂದು ಕರೆಯಲಾದ ದಲಿತರಿಗೆ ವರ್ಷದಲ್ಲಿ ಮೂರು ದಿನ ಪ್ರವೇಶವಿದ್ದದ್ದನ್ನು ರಾಮಾನುಜರ ಔದಾರ್ಯವೆಂದು ಹೇಳುತ್ತ ಬಂದಿದ್ದೇವೆ. ಕಾಲಕ್ಕೆ ಅದು ದೊಡ್ಡದೇ. ಉಳಿದ ಮುನ್ನೂರ ಅರವತ್ತೆರಡು ದಿನಗಳ ಲೆಕ್ಕವನ್ನೂ ಇಡಬೇಕಾಗುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಗೆ ಧರ್ಮಶಾಲೆ, ಸರಾಯಿ, ಮುಸಾಫರಖಾನೆಗಳ ಹೆಸರನ್ನೂ ಎತ್ತಿ ಹೇಳಿತು. ಕಾಯ್ದೆ ಬರೆದವರು ಸುಮ್ಮನೆ ಪಟ್ಟಿ ಬೆಳೆಸಲಿಲ್ಲ. ದಾರಿಯಲ್ಲಿ ಯಾರನ್ನು ಎಲ್ಲೆಲ್ಲಿ ತಡೆಯಲಾಗುತ್ತಿತ್ತು ಎಂಬುದರ ನಕ್ಷೆ ಆ ಪಟ್ಟಿ. ಅಂತಹ ಹಾದಿಗನಿಗೆ ಹೊರೆಗಲ್ಲೊಂದೇ ತಕರಾರಿಲ್ಲದ ಆಸರೆಯಾಗಿದ್ದರೆ ಆಶ್ಚರ್ಯವಿಲ್ಲ.

ಈ ವ್ಯವಸ್ಥೆ ಕುಸಿಯಲು ಯುದ್ಧ ಕಾರಣವಲ್ಲ, ಚಕ್ರ ಕಾರಣ. 1880ರ ದಶಕದ ಆರಂಭದಲ್ಲಿ ಬೆಂಗಳೂರು ಮೈಸೂರು ರೈಲು ಓಡತೊಡಗಿತು. ಫ್ರೆಂಚ್ ರಾಕ್ಸ್‌ಗೂ ಒಂದು ನಿಲ್ದಾಣ ಬಂತು. ಮೂರು ದಿನದ ದಾರಿ ಒಂದು ಹೊತ್ತಿನದಾಯಿತು. ಕನ್ನಂಬಾಡಿ ಕಟ್ಟೆ ಎದ್ದಾಗ ಹಳೆಯ ಊರಿನ ಜೊತೆ ಅದಕ್ಕೆ ಸೇರುತ್ತಿದ್ದ ದಾರಿಗಳೂ ನೀರಿನ ಕೆಳಗೆ ಹೋದವು. ನಾಲೆ ಬಂದು ಹೊಲ ಗದ್ದೆಯಾದಲ್ಲಿ ಕಾಲುಹಾದಿ ಬದುವಾಯಿತು. ಬಳಿಕ ಬಸ್ಸು. ಮಂಟಪಕ್ಕೆ ಬದಲಾಗಿ ‘ಪ್ರಯಾಣಿಕರ ತಂಗುದಾಣ’ ಬಂತು; ಅದರಲ್ಲಿ ಕುಳಿತುಕೊಳ್ಳಬಹುದು, ತಂಗುವಂತಿಲ್ಲ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯಪಥಕ್ಕೆ ಅದೇ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೂ ಪ್ರವೇಶ ನಿಂತಿತು. ಕಾಲ್ನಡಿಗೆಯವನ ಪಾಲಿಗೆ ಉಳಿದದ್ದು ಪಕ್ಕದ ಸರ್ವಿಸ್ ರಸ್ತೆ.

ಆದರೂ ನಡೆಯುವವರು ಮುಗಿದಿಲ್ಲ. ಬೆಳೆ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತ ಊರಿಂದೂರಿಗೆ ಸಾಗುವ ಕುರಿಗಾಹಿಗಳು ಈಗಲೂ ಕಂಬಳಿಯೊಡನೆ ಬಯಲಲ್ಲೇ ಮಲಗುತ್ತಾರೆ. ಜೈನ ಮುನಿಗಳು ವಾಹನ ಹತ್ತುವುದಿಲ್ಲ. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಉತ್ತರ ಭಾರತದಿಂದ ತಿಂಗಳುಗಟ್ಟಲೆ ನಡೆದು ಬಂದ ಮುನಿಸಂಘಗಳಿದ್ದವು. ಮೇಲುಕೋಟೆಯ ವೈರಮುಡಿ ಜಾತ್ರೆಯಲ್ಲಂತೂ ಆಭರಣವೇ ಮಜಲು ಮಜಲಾಗಿ ಬರುತ್ತದೆ: ಮಂಡ್ಯದ ಖಜಾನೆಯಿಂದ ಹೊರಟ ಕಿರೀಟದ ಪೆಟ್ಟಿಗೆ ದಾರಿಯ ಊರೂರಲ್ಲಿ ನಿಂತು, ಪೂಜೆ ಪಡೆದು, ಸಂಜೆಗೆ ಬೆಟ್ಟ ಸೇರುತ್ತದೆ. ವಾಹನದಲ್ಲಿ ಬಂದರೂ ಪಾದಚಾರಿಯ ನಿಲುಗಡೆಗಳನ್ನು ಅದು ಬಿಟ್ಟಿಲ್ಲ.

ಎಲ್ಲಕ್ಕಿಂತ ದೊಡ್ಡ ಸಾಲು ಶಿವರಾತ್ರಿಗೆ ಮುಂಚೆ ಧರ್ಮಸ್ಥಳಕ್ಕೆ ಹೊರಡುವವರದು. ಬೆಂಗಳೂರಿನ ಕಡೆಯಿಂದ ಬರುವವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಹಾದು ಹೋಗುತ್ತಾರೆ. ಕೃಷ್ಣರಾಜಪೇಟೆ ಕಡೆಯವರು ಚನ್ನರಾಯಪಟ್ಟಣದಲ್ಲಿ ಅವರನ್ನು ಕೂಡಿಕೊಳ್ಳುತ್ತಾರೆ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ ಘಾಟಿಯ ಇಳಿಜಾರು. ಬಯಲುಸೀಮೆಯ ಕಾಲಿಗೆ ಏರಿಗಿಂತ ಈ ಇಳಿತವೇ ಕಷ್ಟ. ಮೊಣಕಾಲು ಸೋಲುತ್ತದೆ, ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಬಿಸಿಲಿಗೆ ಅಂಜಿ ಬೆಳಗಿನ ಜಾವ ಮೂರಕ್ಕೇ ಎದ್ದು ನಡೆಯುವುದು, ಮಧ್ಯಾಹ್ನ ಮರದ ನೆರಳು, ಇಳಿಹೊತ್ತಿಗೆ ಮತ್ತೆ ನಡಿಗೆ. ದಾರಿಯುದ್ದಕ್ಕೂ ದಾನಿಗಳು ಹಾಕಿದ ಪೆಂಡಾಲುಗಳಲ್ಲಿ ಮಜ್ಜಿಗೆ, ಕಲ್ಲಂಗಡಿ, ಉಪ್ಪಿಟ್ಟು, ಕಾಲಿಗೆ ಹಚ್ಚಲು ಮುಲಾಮು. ಸಾಲಿನಲ್ಲಿ ನಿಂತವರಿಗೆಲ್ಲ ಒಂದೇ ಪಾತ್ರೆಯಿಂದ ಬಡಿಸುತ್ತಾರೆ. ಅರವಟ್ಟಿಗೆ ಹೀಗೆ ಶಾಮಿಯಾನದ ರೂಪದಲ್ಲಿ ಮರಳಿದೆ, ಹಳೆಯದಕ್ಕಿಂತ ಉತ್ತಮವಾಗಿಯೇ.

ಮರಳದೆ ಉಳಿದದ್ದು ಮಂಟಪ. ರಾತ್ರಿಗೆ ಶಾಲೆಯ ಜಗಲಿ, ಗುಡಿಯ ಪ್ರಾಂಗಣ, ಖಾಲಿಯಿರುವ ಕಲ್ಯಾಣಮಂಟಪ, ಏನೂ ಸಿಗದಿದ್ದರೆ ಮುಚ್ಚಿದ ಅಂಗಡಿಯ ಮುಂದಿನ ಸಿಮೆಂಟು ನೆಲ. ಹೆದ್ದಾರಿಯ ಅಂಚಿನಲ್ಲಿ ಕತ್ತಲಲ್ಲಿ ನಡೆಯುವವರಿಗೆ ಲಾರಿಯ ಭಯ, ಘಾಟಿಯ ಕಡೆ ಕಾಡಾನೆಯ ಭಯ. ಹೆಂಗಸರಿಗೆ ಇವುಗಳ ಮೇಲೆ ಕಕ್ಕಸು, ಸ್ನಾನದ ಚಿಂತೆ. ಹತ್ತು ಮೈಲಿಗೊಂದು ಚಾವಣಿ, ಒಂದು ನಲ್ಲಿ, ಒಂದು ಕಕ್ಕಸು ಇದ್ದರೆ ತೀರುವ ಸಮಸ್ಯೆ ಇದು. ಹೆದ್ದಾರಿಯ ಖರ್ಚಿನ ಎದುರು ಅದು ಲೆಕ್ಕಕ್ಕೆ ಬರುವ ಮೊತ್ತವಲ್ಲ, ಕಲ್ಲುಮಂಟಪ ಕಟ್ಟಿಸಿದವರು ಇದಕ್ಕಿಂತ ಕಡಿಮೆ ಹಣದಲ್ಲಿ ಇದಕ್ಕಿಂತ ಕಷ್ಟದ ಕೆಲಸ ಮಾಡಿದ್ದರು. ರಸ್ತೆ ಅಗಲಮಾಡುವಾಗ ಅಡ್ಡ ಬಂದ ಹೊರೆಗಲ್ಲು, ಮಂಟಪಗಳನ್ನು ಗುಡಿಯಲ್ಲವೆಂಬ ಕಾರಣಕ್ಕೇ ಯಾರೂ ಕೇಳುವುದಿಲ್ಲ. ಗುಡಿಯಾಗಿದ್ದರೆ ಊರೇ ಅಡ್ಡ ನಿಲ್ಲುತ್ತಿತ್ತು.

ಕೃಷ್ಣರಾಜಪೇಟೆಯಿಂದ ಹೊರಟವರು ಐದಾರು ದಿನಕ್ಕೆ ಉಜಿರೆ ಮುಟ್ಟುತ್ತಾರೆ. ಅಲ್ಲಿಂದ ಧರ್ಮಸ್ಥಳ ಎರಡು ಗಂಟೆಯ ನಡಿಗೆ. ನೇತ್ರಾವತಿಯಲ್ಲಿ ಮುಳುಗಿ, ಮಂಜುನಾಥನ ದರ್ಶನ ಮಾಡಿ, ಮರುದಿನ ಸಾರಿಗೆ ಬಸ್ಸು ಹಿಡಿದರೆ ಸಂಜೆಯೊಳಗೆ ಊರು.